ಜಾಯಿಕಾಯಿಯ ಜಿಲ್ಲೆ

ದುಬೈನ ದೇರಾದ ತನ್ನ ಮಸಾಲೆ ಸಗಟು ಅಂಗಡಿಯಲ್ಲಿ ಅಬ್ದುಲ್ ರವೂಫ್ ಕೆಂಡಾಮಂಡಲವಾಗಿದ್ದ. ಇಂಡೋನೇಷ್ಯಾದ ಸಿಯಾವು ಎಂಬ ಜ್ವಾಲಾಮುಖಿ ದ್ವೀಪದಿಂದ ಅವನು ಹಿಂದಿನ ಸಲ ಜಾಯಿಕಾಯಿ ತರಿಸಿ ಏಳು ವರ್ಷವಾಗಿತ್ತು. ಆಗಿನ ಕಾಗದದಲ್ಲಿ ಜಿಲ್ಲೆ ಸಂಗಿಹೆ ಎಂದಿತ್ತು. ಈಗ ಬಂದ ಮಾಲಿನ 2013ರ ಕಾಗದದಲ್ಲಿ ಸಿತಾರೊ ಎಂದಿದೆ.

"ಆ ವ್ಯಾಪಾರಿ ಬೇರೆ ಊರಿನ ಮಾಲು ತುಂಬಿಸಿ ನನಗೆ ಟೋಪಿ ಹಾಕ್ತಿದ್ದಾನೆ. ಖಲಾಸ್, ವಾಪಸ್ ಕಳಿಸು," ಎಂದ, ಕಾಗದಪತ್ರ ನೋಡಿಕೊಳ್ಳುವ ಶಿರ್ವದ ಟೀನಾಳಿಗೆ.

ಟೀನಾ ಎದುರಾಡದೆ ಅಲ್ಲಿನ ವ್ಯಾಪಾರಿಗೆ ಈಮೇಲ್ ಮಾಡಿ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. 2007ರಲ್ಲಿ ಸಂಗಿಹೆಯನ್ನು ಒಡೆದು ತಮ್ಮ ದ್ವೀಪಗಳಿಗೆ ಬೇರೆ ಜಿಲ್ಲೆ ಮಾಡಿದ್ದಾರೆ, ಮೊದಲು ಒಂದು ಸಹಿಗೂ ದೋಣಿ ಹತ್ತಿ ಇನ್ನೊಂದು ದ್ವೀಪಕ್ಕೆ ಹೋಗಬೇಕಿತ್ತು, ಈಗ ಕಚೇರಿ ತಮ್ಮಲ್ಲೇ ಇದೆ ಎಂದು ಅವನು ಬರೆದಿದ್ದ.

"ಕಥೆ ಕಟ್ತಾನೆ," ಎಂದ ರವೂಫ್.

ಟೀನಾ ಅವನದೇ ವೀಸಾ ಫೈಲು ತೆಗೆದು ಎರಡು ಹಾಳೆ ಮುಂದಿಟ್ಟಳು. ಜನನ ಪತ್ರದಲ್ಲಿ ಕಾಪು, ದಕ್ಷಿಣ ಕನ್ನಡ ಜಿಲ್ಲೆ. ಪಾಸ್‌ಪೋರ್ಟಿನಲ್ಲಿ ಕಾಪು, ಉಡುಪಿ ಜಿಲ್ಲೆ.

"ನೀವು ಯಾವಾಗ ಮನೆ ಬದಲಾಯಿಸಿದ್ದು, ಸರ್?"

ರವೂಫ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದ. ತೊಂಬತ್ತೇಳರಲ್ಲಿ ಉಡುಪಿ ಜಿಲ್ಲೆಯಾದಾಗ, ಇನ್ನು ಪ್ರತಿ ಕೆಲಸಕ್ಕೂ ಮಂಗಳೂರಿನ ಬಸ್ಸು ಹತ್ತಬೇಕಿಲ್ಲವೆಂದು ಕಾಪು ಪೇಟೆಯಲ್ಲಿ ಪಟಾಕಿ ಸಿಡಿಸಿದವರಲ್ಲಿ ಅವನೂ ಒಬ್ಬ. ಸ್ಯಾಂಪಲ್ ಚೀಲದಿಂದ ಒಂದು ಜಾಯಿಕಾಯಿ ತೆಗೆದು ಒಡೆದು ಮೂಸಿದ. ಅದೇ ಘಮ.

"ಮಾಲು ಇಳಿಸ್ಕೊಳ್ಳಿ," ಎಂದು ಆಳುಗಳಿಗೆ ಹೇಳಿ ಬಾಗಿಲವರೆಗೆ ಹೋದವನು ತಿರುಗಿ ಬಂದ.

"ಟೀನಾ, ಅವನಿಗೆ ಬರಿ. ಜಿಲ್ಲೆ ಆದದ್ದಕ್ಕೆ ನಮ್ಮ ಕಡೆಯಿಂದ ಮುಬಾರಕ್ ಅಂತ. ಆರು ವರ್ಷ ತಡ ಆಯ್ತು ಅಂತಲೂ ಬರಿ."