ಹಿಂದಕ್ಕೆ ತಗೊಂಡ ಶಿಫಾರಸು

ಹೊನ್ನವಳ್ಳಿಯ ಸದಾಶಿವಯ್ಯನವರ ಕೊಬ್ಬರಿ ಅಟ್ಟದ ಕೆಳಗೆ ಕೂತು ಭೈರಮ್ಮ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕಿದಳು. ಒಳಗೆ ಕೊಬ್ಬರಿ ಲೊಟಗುಟ್ಟಿದರೆ ಒಡೆಯಬೇಕು, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಇಪ್ಪತ್ತು ವರ್ಷದ ಅಭ್ಯಾಸ. ಆದರೆ ಇವತ್ತು ಅದೇ ಕಾಯನ್ನು ಮೂರು ಸಲ ಕುಲುಕಿದರೂ ಕಿವಿಗೆ ಏನೂ ಬೀಳಲಿಲ್ಲ. ಜೀವವೆಲ್ಲ ತಿಪಟೂರಿನಿಂದ ಬರುವ ಸಂಜೆ ಬಸ್ಸಿನ ಮೇಲಿತ್ತು.

ಮಗಳು ಮೀನಾ ಸಿಎ ಓದಿನ ಎರಡನೇ ಮೆಟ್ಟಿಲು ದಾಟಿದ್ದಳು. ಮುಂದೆ ಎರಡು ವರ್ಷ ಆಡಿಟರ್ ಒಬ್ಬರ ಕೈಕೆಳಗೆ ಕೆಲಸ ಕಲಿಯಬೇಕು. ಅದಕ್ಕೆ ಅವರು ಅರ್ಜಿಗೆ ಸಹಿ ಹಾಕಬೇಕು. ಈ ಶನಿವಾರ ತಪ್ಪಿದರೆ ಮುಂದಿನ ಪರೀಕ್ಷೆ ಆರು ತಿಂಗಳು ಮುಂದಕ್ಕೆ. ದೊಡ್ಡವರಿಂದ ಒಂದು ಮಾತು ಹೇಳಿಸಿದರೆ ಒಳ್ಳೆಯದೆಂದು ಭೈರಮ್ಮನೇ ಸದಾಶಿವಯ್ಯನವರನ್ನು ಬೇಡಿ, ಅವರ ಕೊಬ್ಬರಿ ಮಂಡಿಯ ಲೆಕ್ಕ ನೋಡುವ ತಿಪಟೂರಿನ ಆಡಿಟರ್ ತೋಂಟದಾರ್ಯರಿಗೆ ಫೋನು ಮಾಡಿಸಿದ್ದಳು. ಈ ಸೀಮೆಯಲ್ಲಿ ಕೆಲಸ ಕೇಳುವ ರೀತಿಯೇ ಅದು.

ಮೀನಾ ಬಸ್ಸಿಳಿದಳು.

"ಸೈನ್ ಆಯ್ತೇನೇ?"

"ಇಲ್ಲಮ್ಮ. ಇವತ್ತೂ ಟೀ ಕೊಟ್ಟೆ, ಬೀರು ಒರೆಸಿದೆ."

"ಅಯ್ಯನೋರು ಹೇಳವ್ರಲ್ಲ!"

"ಏನಂತ ಹೇಳವ್ರೆ ಗೊತ್ತಾ? ನಮ್ಮ ಆಳಿನ ಮಗಳು, ಏನಾದ್ರೂ ಕೆಲಸ ಕೊಡಿ ಅಂತ. ಕೊಟ್ಟವ್ರೆ. ಮಾರ್ಕ್ಸ್ ಕಾರ್ಡ್ ಹಾಕಿ ಕೊಟ್ಟ ನನ್ನ ಕವರನ್ನ ಇನ್ನೂ ಬಿಚ್ಚೇ ಇಲ್ಲ."

ಅವತ್ತು ರಾತ್ರಿ ಭೈರಮ್ಮ ಮುದ್ದೆಯನ್ನು ಮಗಳ ತಟ್ಟೆಗಷ್ಟೇ ಹಾಕಿದಳು. ಆ ಫೋನು ಮಾಡಿಸಿ ಕೈಯಾರೆ ಕೆಡಿಸಿದ್ದು ತಾನೇ. ಮರುದಿನ ಶುಕ್ರವಾರ ಬೆಳಗ್ಗೆ ಕೆಲಸ ಬಿಟ್ಟು ಮಗಳ ಜೊತೆ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಿಲ್ಲ.

ತೋಂಟದಾರ್ಯ ಕೆಟ್ಟವರಲ್ಲ. "ಬಾಮ್ಮ, ಕೂತ್ಕೋ" ಎಂದರು. ಅವಳು ನಿಂತೇ ಇದ್ದಳು.

"ನೋಡಮ್ಮ, ಈ ಕೆಲಸ ಅಂದ್ರೆ ಮಂಡಿಗಳಿಗೆ ಹೋಗಿ ಅವರ ಪುಸ್ತಕ ನೋಡ್ಬೇಕು. ವರ್ತಕರು ಗೊತ್ತಿರೋ ಮನೆ ಮಕ್ಕಳ ಮುಂದೆನೇ ಪುಸ್ತಕ ಬಿಚ್ಚೋದು. ನಾಳೆ ಅವರು ಬೇರೆ ಆಡಿಟರ್ ಹತ್ರ ಹೋದ್ರೆ? ನಂಗೂ ಸಂಸಾರ ಇದೆ. ಸದಾಶಿವಯ್ಯನೋರ ಮಾತಿಗೆ ಇಷ್ಟಾದ್ರೂ ಮಾಡಿದೀನಿ."

"ಆ ಮಾತು ಬುಡಿ ಸ್ವಾಮಿ. ಅದನ್ನ ವಾಪಸ್ ತಗೊಂಡೋಗಕ್ಕೇ ಬಂದಿವ್ನಿ."

"ಏನು?"

"ಹೇಳಿಸಿದ್ದು ನಾನು, ತಪ್ಪು ನಂದು. ಅಯ್ಯನೋರ ಆಳು ನಾನು. ಅವಳಲ್ಲ. ಕುಲುಕಿ ನೋಡದೆ ನಾನು ಒಂದು ಕಾಯಿನೂ ಪಕ್ಕಕ್ಕೆ ಹಾಕಿಲ್ಲ. ನೀವು ಆ ಕವರ್ ಬಿಚ್ಚಿ. ನೋಡಿ, ಆಮೇಲೆ ಆಗಲ್ಲ ಅನ್ನಿ. ಕರ್ಕೊಂಡೋಯ್ತೀನಿ."

"ಸದಾಶಿವಯ್ಯನೋರಿಗೆ ಬೇಜಾರಾದ್ರೆ?"

"ಕೆಲಸ ಬಿಡಿಸಿದ್ರೆ ಬಿಡಿಸ್ಲಿ. ಈ ಸೀಮೇಲಿ ಅಟ್ಟ ಅವರೊಬ್ಬರದ್ದೇನಾ ಸ್ವಾಮಿ?" ಅಂದಳು. ಮಾತು ಗಟ್ಟಿಯಾಗೇ ಬಂತು.

ಡೈರಿಗಳ ಅಡಿಯಿಂದ ತೋಂಟದಾರ್ಯರು ಕವರನ್ನು ಎಳೆದರು, ಬಿಚ್ಚಿದರು. ಒಂದು ಹಾಳೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಎಲ್ಲಾ ಒಂದೇ ಸಲಕ್ಕೆ ಪಾಸು! ನನ್ನ ಮಗ ಇದನ್ನ ಮೂರು ಸಲ ಬರೆದ" ಎಂದು ಗೊಣಗಿ, "ಮೀನಾ!" ಎಂದು ಕೂಗಿದರು.

ಅವಳು ಟೀ ತಟ್ಟೆ ಹಿಡಿದೇ ಬಂದಳು.

"ಅದನ್ನ ಇಲ್ಲಿಟ್ಟು ಆ ಕುರ್ಚಿ ಎಳ್ಕೊಳಮ್ಮ. ಸೋಮವಾರ ಮಂಡಿಗೆ ನಾನೂ ಜೊತೆಗೆ ಬರ್ತೀನಿ. ಮೊದಲು ಸದಾಶಿವಯ್ಯನೋರದ್ದೇ."

ಸಹಿ ಹಾಕಿ, ತಟ್ಟೆಯಲ್ಲಿದ್ದ ಎರಡು ಲೋಟದಲ್ಲಿ ಒಂದನ್ನು ಭೈರಮ್ಮನ ಕಡೆ ಸರಿಸಿದರು. ಬೆಳಗಿನಿಂದ ನಿಂತೇ ಇದ್ದವಳು ಆಗ ಕೂತಳು.