ಗೇಟಿನ ಬಳಿ ವಿಜಯಶ್ರೀ ಹೇಳಿದ್ದು

ಮೆಹದಿಪಟ್ಟಣಂನ ಗದ್ದಲದ ಓಣಿ ಬಿಟ್ಟು ವಿಜಯಶ್ರೀ ಗಚ್ಚಿಬೌಲಿಯ ಕೆರೆದಂಡೆಯ ಅಪಾರ್ಟ್‌ಮೆಂಟಿಗೆ ಬಂದದ್ದೇ ನೆಮ್ಮದಿಗಾಗಿ. ಎತ್ತರದ ಗೋಡೆ, ಗೇಟಿಗೆ ಕಾವಲು, ಕಳ್ಳಕಾಕರ ಭಯವೇ ಇಲ್ಲ ಎಂದು ಬೀದರಿನ ತವರಿಗೆ ಫೋನು ಮಾಡಿದಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು. ಹಾಗಿರುವಾಗ ಯಾರದೋ ದುಬಾರಿ ಸೈಕಲ್ ಕಾಣೆಯಾಯಿತು. ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಬೆಂಕಿ ಬಿದ್ದಂತಾಯಿತು.

ಮರುದಿನ ಬೆಳಿಗ್ಗೆ ತಾಯಿಯೊಡನೆ ಫೋನಿನಲ್ಲಿ ಹರಟುತ್ತ ಉದ್ಯಾನದಲ್ಲಿ ನಡೆಯುತ್ತಿದ್ದಾಗ, ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸೊಬ್ಬಳು ಕಣ್ಣಿಗೆ ಬಿದ್ದಳು. ಗೋಡೆಯಾಚೆ ಕಟ್ಟಡ ಕೆಲಸಕ್ಕೆ ಬಂದವಳೆಂದು ನೋಡಿದೊಡನೆ ತಿಳಿಯುತ್ತಿತ್ತು. ವಿಜಯಶ್ರೀ ಫೋಟೋ ತೆಗೆದು ಗುಂಪಿಗೆ ಹಾಕಿದಳು: 'ಇವಳು ಒಳಗೆ ಬಂದದ್ದು ಹೇಗೆ?'

ಕಾವಲಿನವರು ಓಡಿ ಬಂದು ಹೆಂಗಸನ್ನು ಗೇಟಿಗೆ ಎಳೆದೊಯ್ದರು. ಜನ ಸೇರಿದರು. ಅವಳು ಸುತ್ತ ನೋಡಿ, ವಿಜಯಶ್ರೀಯನ್ನು ಕಂಡೊಡನೆ ಜೀವ ಬಂದವಳಂತೆ ಕೈಮುಗಿದಳು.

"ಅಕ್ಕಾರ, ನೀವು ಫೋನಿನ್ಯಾಗ ನಮ್ಮ ಮಾತು ಆಡೋದು ಕೇಳೀನ್ರಿ. ನಾ ಸಾಬಮ್ಮ, ಯಾದಗಿರಿ ಕಡ್ಯಾಕಿ. ಗ್ವಾಡಿ ಒಡದಲ್ಲಿಂದ ನೀರಿಗೆ ಬಂದಿದ್ದೆ. ಇವರಿಗೆ ಒಂದೀಟು ತಿಳಿಸಿ ಹೇಳ್ರೀ."

ಎಲ್ಲರ ಕಣ್ಣೂ ವಿಜಯಶ್ರೀಯ ಮೇಲೆ. ಈ ಕೂಲಿಯವಳಿಗೂ ತನಗೂ ನಂಟು ಕಲ್ಪಿಸಿಯಾರೆಂದು ಅವಳು ಹೆದರಿದಳು.

"ಯೇ ಕ್ಯಾ ಬೋಲ್ ರಹೀ, ಮುಝೇ ಸಮಝ್ ನಹೀಂ ಆತಾ," ಎಂದು ಹಿಂದಿಯಲ್ಲಿ ಹೇಳಿಬಿಟ್ಟಳು. ತಾಯಿ ಕಲಿಸಿದ ಭಾಷೆಯೇ ತನಗೆ ತಿಳಿಯದೆಂದು!

ಸಾಬಮ್ಮ ಅವಳ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಪೊಲೀಸರು ಬಂದು ಕರೆದೊಯ್ದರು.

ಮಧ್ಯಾಹ್ನ ಸೈಕಲ್ ಸಿಕ್ಕಿತು. ಮಾಲೀಕನ ಡ್ರೈವರನೇ ರಿಪೇರಿಗೆ ಕೊಟ್ಟಿದ್ದನಂತೆ. ಗುಂಪಿನಲ್ಲಿ ನಗುವ ಮುಖಗಳ ಸಾಲು. ಸಾಬಮ್ಮನ ಸುದ್ದಿ ಯಾರೂ ಎತ್ತಲಿಲ್ಲ.

ಸಂಜೆ ವಿಜಯಶ್ರೀ ಗೋಡೆ ಬಳಸಿಕೊಂಡು ಆಚೆ ಹೋದಳು. ತಗಡಿನ ಗುಡಿಸಲುಗಳ ಬಾಗಿಲಲ್ಲೇ ಅಪಾರ್ಟ್‌ಮೆಂಟಿನ ಕೊಳಚೆ ಕೆರೆಗೆ ಹರಿಯುತ್ತಿತ್ತು. ನಲ್ಲಿ ಎಂಬುದೇ ಇರಲಿಲ್ಲ. ಪೊಲೀಸರಿಂದ ಬಿಡಿಸಿಕೊಂಡು ಬಂದ ಸಾಬಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಗಂಡ ಅಮರಯ್ಯ ಹಾಸಿಗೆ ಸುತ್ತುತ್ತಿದ್ದ.

"ತಪ್ಪಾತು ಸಾಬಮ್ಮ," ಎಂದಳು ವಿಜಯಶ್ರೀ, ಕನ್ನಡದಲ್ಲಿ. "ಮೇಸ್ತ್ರಿಗೆ ನಾ ಹೇಳ್ತೀನಿ, ಹೋಗಬ್ಯಾಡ್ರಿ."

"ಪೊಲೀಸರು ಬಂದ ಮ್ಯಾಲ ಅಂವ ಇಟ್ಕೋತಾನೇನ್ರಿ?" ಎಂದ ಅಮರಯ್ಯ.

ಸಾಬಮ್ಮ ಅವಳತ್ತ ತಿರುಗಲಿಲ್ಲ. "ಅವರು ಹೊಡದ್ರ ತಡಕೋತಿದ್ನಿರಿ ಅಕ್ಕಾರ. ನೀವು ಹಂಗ ಅಂದಿದ್ದು..." ಎಂದವಳು ಮಾತು ಮುಗಿಸದೆ ಚೀಲದ ಬಾಯಿ ಬಿಗಿದಳು.

ಭಾನುವಾರ ನಿವಾಸಿಗಳ ಸಭೆ. ಕಾರ್ಯದರ್ಶಿ ನರಹರಿ, ಸುತ್ತಲಿನ ಕಾಲೊನಿಗಳಿಗಿಂತ ನಮ್ಮಲ್ಲೇ ಅಪರಾಧ ಕಡಿಮೆ, ಅದಕ್ಕೆ ವಿಜಯಶ್ರೀಯಂಥವರ ಎಚ್ಚರವೇ ಕಾರಣ ಎಂದರು. ಚಪ್ಪಾಳೆ ಬಿತ್ತು.

ವಿಜಯಶ್ರೀ ಎದ್ದು ನಿಂತಳು. ಕಳ್ಳತನ ಆಗಿರಲೇ ಇಲ್ಲ, ಆಕೆ ನೀರಿಗೆ ಬಂದಿದ್ದಳು, ತನ್ನ ಫೋಟೋದಿಂದಾಗಿ ಒಂದು ಸಂಸಾರ ಬೀದಿಗೆ ಬಿತ್ತು ಎಂದಳು. "ಆದರೂ ಎಚ್ಚರ ಒಳ್ಳೆಯದೇ," ಎಂದು ಯಾರೋ ಸಮಾಧಾನ ಹೇಳಿದರು. ಗೋಡೆಯ ಬಿರುಕು ಮುಚ್ಚಿಸುವ ಮಾತು ಶುರುವಾಯಿತು.

ಹೇಳಬೇಕಾದದ್ದು ಇನ್ನೂ ಒಂದಿತ್ತು: ಗೇಟಿನ ಬಳಿ ತಾನಾಡಿದ ಸುಳ್ಳು. ಅದು ನಾಲಿಗೆಯ ತುದಿಗೆ ಬಂದರೂ ಹೊರಬೀಳಲಿಲ್ಲ. ಮುಖ ಎತ್ತಲಾರದೆ ಅವಳು ಕುಳಿತುಕೊಂಡಳು.