ಕಣ್ಣು ಮುಚ್ಚಿದ ಎಚ್ಚರ

ಬಿಳಿಗೆರೆಯ ಶಂಭುಲಿಂಗಯ್ಯ ಅಟ್ಟದ ಮೇಲೆ ಕೂತು, ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಕಣ್ಣು ಮುಚ್ಚುತ್ತಿದ್ದ. ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಕಾಯಿ ಸುಲಿಯೋಕೆ ಬಂತು ಅಂತ ಅರ್ಥ. ಸರಿಯಪ್ಪ, ಒಂದು ಕಾಯಿಗೆ ಹತ್ತು ನಿಮಿಷ ಕಣ್ಣು ಮುಚ್ಚಿದರೆ ಯಾವ ಹೆಂಡತಿ ತಾನೇ ನಂಬುತ್ತಾಳೆ? ಗುರುಸಿದ್ದಮ್ಮ ಕೆಳಗಿಂದ ಮೂರು ಸಲ ಕೂಗಿದರೂ ಈ ಮಹಾರಾಯ ಮಿಸುಕುತ್ತಿರಲಿಲ್ಲ. ನಿದ್ದೆ ಅಂತ ಅವಳು, ಕಾಯಿ ಸದ್ದು ಕೇಳ್ತಿದ್ದೀನಿ ಅಂತ ಇವನು. ಕೊನೆಗೊಂದು ದಿನ ಅವಳು, ಇದು ನಿದ್ದೆ, ಇಲ್ಲಾ ಕಾಯಿಲೆ, ಎರಡರಲ್ಲಿ ಯಾವುದೇ ಆದರೂ ಇನ್ಮೇಲೆ ಅಟ್ಟದ ಕೆಲಸ ದಂಡಿನಶಿವರದ ನನ್ನ ತಮ್ಮ ದಯಾನಂದನಿಗೆ ಅಂದುಬಿಟ್ಟಳು. ಹಾಗಾದರೆ ಡಾಕ್ಟರೇ ಹೇಳಲಿ ಅಂದ ಶಂಭುಲಿಂಗಯ್ಯ. ಅಟ್ಟ ಬಿಟ್ಟರೆ ಅವನಿಗೆ ನೆಮ್ಮದಿಯಾಗಿ ಕೂರೋಕೆ ಇನ್ನೊಂದು ಜಾಗ ಇರಲಿಲ್ಲ.

ತಿಪಟೂರಿನ ಡಾಕ್ಟರು ಮೆದುಳಿನ ಅಲೆ ನೋಡುವ ಪರೀಕ್ಷೆ ಬರೆದುಕೊಟ್ಟರು. ತಲೆಗೆ ಎಣ್ಣೆ ಹಚ್ಚಿರಬಾರದು ಅಂತ ಚೀಟಿಯಲ್ಲೇ ಇತ್ತು. ಆದರೆ ಗಂಡ ಒಣತಲೆಯಲ್ಲಿ ಪೇಟೆಗೆ ಹೋದರೆ ತೋಟದವರ ಮನೆ ಮರ್ಯಾದೆ ಏನಾಗಬೇಕು? ಗುರುಸಿದ್ದಮ್ಮ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ತಟ್ಟಿಯೇ ಕರೆದುಕೊಂಡು ಹೋದಳು. ಅಂಟಿಸಿದ ವೈರೆಲ್ಲ ಜಾರಿ ಜಾರಿ ಬಿದ್ದವು. ಪರೀಕ್ಷೆ ಮಾಡುವ ಸಿಂಧು ಎರಡು ಸಲ ತಲೆ ತೊಳೆಸಿದ ಮೇಲೆ ಕೆಲಸ ಶುರುವಾಯಿತು.

ಕಣ್ಣು ಮುಚ್ಚಿ, ಆದರೆ ನಿದ್ದೆ ಮಾಡಬೇಡಿ ಅಂದಳು ಸಿಂಧು. ಜೀವಮಾನವೆಲ್ಲ ಅದನ್ನೇ ಮಾಡಿದವನಿಗೆ ಹೇಳಿಕೊಡಬೇಕೆ! ಮಧ್ಯೆ ಗುರುಸಿದ್ದಮ್ಮ ಬಾಗಿಲಿಂದ "ಏನೂಂದ್ರೆ" ಅಂತ ಕರೆದಳು. ಅಭ್ಯಾಸಬಲ ನೋಡಿ, ಇವನು ಮಿಸುಕಲಿಲ್ಲ.

ಆಮೇಲೆ ಸಿಂಧು ಕಂಪ್ಯೂಟರಿನಲ್ಲಿ ಸಾಲಾಗಿ ಓಡಿದ ಅಲೆ ತೋರಿಸಿದಳು. ಕಣ್ಣು ಮುಚ್ಚಿ, ಎಚ್ಚರವಾಗಿದ್ದು, ಮನಸ್ಸು ನಿರಾಳವಾಗಿದ್ದಾಗ ಬರೋ ಅಲೆ ಇದು ಅಂದಳು. ಡಾಕ್ಟರೂ ಬಂದು ನೋಡಿ, ನಿದ್ದೆಯಲ್ಲ, ಕಾಯಿಲೆಯೂ ಇಲ್ಲ ಅಂದರು. ಶಂಭುಲಿಂಗಯ್ಯನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅಟ್ಟ ಉಳೀತು.

ಸಿಂಧು ಅಷ್ಟಕ್ಕೆ ಸುಮ್ಮನಾಗಬಾರದಿತ್ತೆ? ಸಾಲು ಮುರಿದಿದ್ದ ಒಂದು ಕಡೆ ಬೆರಳಿಟ್ಟಳು. "ಇಲ್ಲಿ ನೀವು ಕರೆದ್ರಲ್ಲಮ್ಮ, ತಕ್ಷಣ ಅಲೆ ನಿಂತೋಯ್ತು. ನಿಮ್ಮ ಯಜಮಾನ್ರ ಕಿವಿ ಬಲು ಚುರುಕು."

ಗುರುಸಿದ್ದಮ್ಮ ಗಂಡನ ಕಡೆ ತಿರುಗಿದಳು.

"ಅಂದ್ರೆ ಮೂವತ್ತು ವರ್ಷ ನಾನು ಕೂಗಿದ್ದೆಲ್ಲ ಕೇಳಿಸ್ತಿತ್ತು."

ಈಗ ಅಟ್ಟ ಶಂಭುಲಿಂಗಯ್ಯನದೇ. ಅಲೆ ಅಚ್ಚಾದ ಪರೀಕ್ಷೆಯ ಕಾಗದ ಲ್ಯಾಮಿನೇಷನ್ ಆಗಿ ಏಣಿ ಪಕ್ಕದ ಗೋಡೆಯಲ್ಲಿ ನೇತಾಡುತ್ತಿದೆ. ಕೆಳಗಿಂದ ಒಂದೇ ಒಂದು ಕೂಗು ಬಂದರೆ ಸಾಕು, ಕೈಲಿದ್ದ ಕಾಯಿ ಬಿಟ್ಟು ದಡದಡ ಇಳಿದು ಬರುತ್ತಾನೆ. ಏನು ಬೇಕಿತ್ತು ಅಂತ ಕೇಳಿದರೆ, ಏನಿಲ್ಲ, ಎಚ್ಚರ ಇದ್ದೀರಾ ಅಂತ ನೋಡ್ದೆ ಅನ್ನುತ್ತಾಳೆ.